ನುಣ್ಣಗೆ ಬಿದ್ದ ಸೀಸ

ಕೋಪದ ವಿಷಯದಲ್ಲಿ ನಮ್ಮ ಮಹಲ್ಲೆಯನ್ನು ಮೀರಿಸುವ ಜಾಗ ಇಡೀ ಬೋಸ್ನಿಯಾದಲ್ಲಿಲ್ಲ. ಬೋಸ್ನಿಯಾವನ್ನು ಮೀರಿಸುವ ದೇಶ ಭೂಮಿಯ ಮೇಲಿಲ್ಲ. ನಮ್ಮ ಮಹಲ್ಲೆಯೊಳಗೆ ಬೆಹಿಯಾಳನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ಹಾಗಾಗಿ ಜಗತ್ತಿನ ಅತಿ ಕೋಪಿಷ್ಠ ಹೆಂಗಸು ಯಾರೆಂದು ತಿಳಿಯುವುದಕ್ಕೆ ಹೆಚ್ಚು ಓದಿರಬೇಕಾಗಿಲ್ಲ.

ಆಕೆ ಒಂದು ಸಲ ಬಾಗಿಲು ಬಡಿದದ್ದಕ್ಕೆ ಅಕ್ಕಪಕ್ಕದ ಮೂರು ಮನೆಗಳ ಗಾರೆ ಉದುರಿತು. ಮಸೀದಿಯ ಪಾರಿವಾಳಗಳು ನದಿಯಾಚೆಯ ಇಗರ್ಜಿಗೆ ಹಾರಿಹೋಗಿ ಒಂದು ವಾರ ಅಲ್ಲೇ ಠಿಕಾಣಿ ಹೂಡಿದವು. ಯುದ್ಧದ ಮೂರೂವರೆ ವರ್ಷ ಎದುರು ಗುಡ್ಡದಿಂದ ಬಿದ್ದ ಶೆಲ್ಲುಗಳಿಗೂ ಜಗ್ಗದ ಗೋಡೆಗಳು ಅವು, ನೆನಪಿರಲಿ. ಮಾಂಸ ಸುತ್ತಿ ಬೇಯಿಸುವ ಪದರು ರೊಟ್ಟಿಯ, ಅಂದರೆ ಬುರೆಕ್‌ನ, ಅಂಗಡಿಯಲ್ಲಿ ಹಿಟ್ಟು ಹಿಗ್ಗಿಸುವ ಕೆಲಸಕ್ಕಿದ್ದಾಗ ಆಕೆ ಎಳೆದ ಹಾಳೆ ಎಷ್ಟು ತೆಳುವಾಗಿರುತ್ತಿತ್ತೆಂದರೆ, ಕೆಳಗೆ ಪತ್ರಿಕೆಯಿಟ್ಟರೆ ಸಣ್ಣಕ್ಷರದ ಮರಣವಾರ್ತೆಯನ್ನೂ ಓದಬಹುದಿತ್ತು. ಒಂದು ದಿನ ಗಿರಾಕಿಯೊಬ್ಬ ಹಲ್ಲು ಕಿಸಿದು, "ಏನಮ್ಮಾ, ನಿನ್ನ ಗಂಡ ಸ್ವೀಡನ್ನಿನಲ್ಲಿ ಹೊಸ ಸಂಸಾರ ಹೂಡಿದಾನಂತೆ, ಹೌದಾ?" ಎಂದ. ಬಿಸಿ ತಗಡಿನ ತಟ್ಟೆ ಅವನ ಕಿವಿಯನ್ನು ಸವರಿಕೊಂಡು, ಕಿಟಕಿಯ ಗಾಜು ಒಡೆದು, ರಸ್ತೆ ದಾಟಿ, ಎದುರಿನ ಕ್ಷೌರದಂಗಡಿಯ ಕುರ್ಚಿಯ ಮೇಲೆ ಹೋಗಿ ಕೂತಿತು. ತಟ್ಟೆಯಲ್ಲಿದ್ದ ಬುರೆಕ್ ಒಂದು ಚೂರೂ ಚೆಲ್ಲಿರಲಿಲ್ಲವೆಂದು ಕ್ಷೌರಿಕ ಇಂದಿಗೂ ಆಣೆಯಿಡುತ್ತಾನೆ. ಬೆಹಿಯಾಳ ಕೆಲಸ ಮಾತ್ರ ಅಂದಿಗೇ ಮುಗಿಯಿತು.

ಅಲ್ಲಿಂದಾಚೆಗೆ ಅವಳಿಗೆ ಉಳಿದದ್ದು ಮನೆ. ಮನೆಯೊಳಗೆ ಅತ್ತೆ ಹಾಯ್ರಿಯಾ. ಅಡುಗೆಮನೆಯ ಗೋಡೆಯ ಮೇಲೆ ಚೌಕಟ್ಟಿನಲ್ಲಿ ಗಂಡ ರಮೀಜ್, ಮದುವೆಯ ದಿನದ ಕೋಟು ಹಾಕಿಕೊಂಡು.

ರಮೀಜ್ ಕಾಣೆಯಾಗಿ ಒಂಬತ್ತು ವರ್ಷವಾಗಿತ್ತು. ತೊಂಬತ್ತಮೂರರ ಬೇಸಿಗೆಯಲ್ಲಿ ಮಹಲ್ಲೆಯ ಕೆಲವು ಗಂಡಸರು ಗುಂಪುಕಟ್ಟಿ, ಮುತ್ತಿಗೆಯಿಂದ ತಪ್ಪಿಸಿಕೊಳ್ಳಲು ಕಾಡಿನ ದಾರಿಯಲ್ಲಿ ಹೊರಟರು. ಆಚೆ ಬದಿಗೆ ಒಬ್ಬರೂ ತಲುಪಲಿಲ್ಲ. ಹೆಣ ಸಿಕ್ಕಲಿಲ್ಲ, ಹೆಸರು ಯಾವ ಪಟ್ಟಿಯಲ್ಲೂ ಬರಲಿಲ್ಲ. ಸುದ್ದಿಗೇನೂ ಬರವಿರಲಿಲ್ಲ. ಅವನನ್ನು ಗಡಿಯಾಚೆಯ ಗಣಿಯಲ್ಲಿ ಕಂಡವರಿದ್ದರು, ಜರ್ಮನಿಯ ಆಸ್ಪತ್ರೆಯಲ್ಲಿ ನೆನಪು ಕಳೆದುಕೊಂಡು ಕೂತದ್ದನ್ನು ಕಂಡವರಿದ್ದರು. ಒಬ್ಬನಂತೂ ಹಡಗಿನಲ್ಲಿ ಅವನ ಜೊತೆ ಇಸ್ಪೀಟು ಆಡಿ ಗೆದ್ದು ಬಂದಿದ್ದ. ಒಂದೇ ಸಮಯಕ್ಕೆ ಆರು ದೇಶಗಳಲ್ಲಿ ಬದುಕಿದ್ದವನು ಭೂಮಿಯ ಮೇಲೆ ರಮೀಜ್ ಒಬ್ಬನೇ.

ಬೆಹಿಯಾಳಿಗೆ ಆಗ ಇಪ್ಪತ್ತೇಳು, ಈಗ ಮೂವತ್ತಾರು. ಮಕ್ಕಳಿಲ್ಲ. ಗಂಡನಿರುವ ಹೆಂಡತಿಯಲ್ಲ, ಗಂಡ ಸತ್ತ ವಿಧವೆಯೂ ಅಲ್ಲ. ಕೋರ್ಟಿಗೆ ಹೋಗಿ ಸತ್ತನೆಂದು ಬರೆಸಿಕೊಳ್ಳಬಹುದಿತ್ತು. ಆದರೆ ಅದಕ್ಕೆ ಹೆಂಡತಿಯೇ ನಿಂತು, 'ನನ್ನ ಗಂಡ ಸತ್ತನೆಂದು ತೀರ್ಮಾನಿಸಿ' ಎಂದು ಬಾಯಿಬಿಟ್ಟು ಕೇಳಬೇಕು. ಜಗತ್ತಿನ ಎಲ್ಲರಿಗೂ ಎಲ್ಲವನ್ನೂ ಬಾಯಿಬಿಟ್ಟು ಹೇಳಿದ ಬೆಹಿಯಾಳಿಗೆ ಆ ಒಂದು ವಾಕ್ಯ ಗಂಟಲಿಂದ ಮೇಲೆ ಬರಲಿಲ್ಲ. ಒಂದು ಸಲ ಪೆಟ್ಟಿಗೆ ಹಿಡಿದು, ಝೆನಿತ್ಸಾದಲ್ಲಿರುವ ತಂಗಿಯ ಮನೆಗೆಂದು ಬಸ್ ನಿಲ್ದಾಣದವರೆಗೆ ಹೋದದ್ದುಂಟು. ಟಿಕೆಟ್ ಕೊಡುವವನು ಕಿಂಡಿಯೊಳಗಿಂದ, "ನಾಳೆ ಅವನು ಬಂದು, ನನ್ನ ಹೆಂಡ್ತಿ ಎಲ್ಲಿ ಅಂದ್ರೆ ನಾನೇನು ಹೇಳ್ಲಿ ಬೆಹಿಯಾ?" ಎಂದು ಕೇಳಿದ. ಕಿಂಡಿಯ ಗಾಜು ಒಡೆಯಿತು. ಆದರೆ ಪೆಟ್ಟಿಗೆ ತಿರುಗಿ ಮನೆಗೇ ಬಂತು.

ಈಚೆಗೆ ಒಂದು ದಾರಿ ತೆರೆದಿತ್ತು. ಕಾಡುಗಳಲ್ಲಿ ಅಗೆದು ತೆಗೆದ ಮೂಳೆಗಳಿಗೆ ಮನೆಯವರ ರಕ್ತ ಹೊಂದಿಸಿ ಹೆಸರು ಹೇಳುವ ಕೆಲಸ ಶುರುವಾಗಿತ್ತು. ಅದಕ್ಕೆಂದೇ ಒಂದು ಬಿಳಿ ವ್ಯಾನು ಆರು ತಿಂಗಳಿಗೊಮ್ಮೆ ನಮ್ಮ ಊರಿನ ದವಾಖಾನೆಗೆ ಬರುತ್ತಿತ್ತು. ಮೊದಲ ಸಲ ಬಂದಾಗ ಸಾಲಿನಲ್ಲಿ ಮೊದಲು ನಿಂತವಳೇ ಬೆಹಿಯಾ, ತೋಳು ಮೇಲೇರಿಸಿಕೊಂಡು. "ನೀವು ಅವರಿಗೆ ಏನಾಗ್ಬೇಕು?" ಎಂದು ಕೇಳಿದರು. ಹೆಂಡತಿ ಎಂದಳು. "ಹೆಂಡತಿ ರಕ್ತ ಆಗಲ್ಲಮ್ಮ. ಹೆತ್ತವರು, ಮಕ್ಕಳು, ಒಡಹುಟ್ಟಿದವರು, ಇಷ್ಟೇ." ಮಾವ ಸತ್ತು ಇಪ್ಪತ್ತು ವರ್ಷ, ರಮೀಜ್‌ಗೆ ಒಡಹುಟ್ಟಿದವರಿಲ್ಲ. ಉಳಿದದ್ದು ಒಂದು ಬೆರಳು. ಅದು ಅತ್ತೆ ಹಾಯ್ರಿಯಾಳದು.

ಅತ್ತೆ ಕೊಡಲಿಲ್ಲ. "ಬದುಕಿರೋ ಮಗನ ಹೆಸರಲ್ಲಿ ರಕ್ತ ಕೊಡೋದು ಯಾವ ಊರಿನ ಪದ್ಧತಿನೇ?" ಎಂದಳು. ಎರಡನೇ ಸಲ ವ್ಯಾನು ಬಂದಾಗಲೂ ಅದೇ ಮಾತು. ಅತ್ತೆಯ ಆ ಬೆರಳು ದಿನವಿಡೀ ಸೂಜಿ ಹಿಡಿಯುತ್ತಿತ್ತು, ಈರುಳ್ಳಿ ಹೆಚ್ಚುತ್ತಿತ್ತು, ವಾರಕ್ಕೆರಡು ಸಲ ಗಾಯ ಮಾಡಿಕೊಂಡು ಸುಮ್ಮನೆ ರಕ್ತ ಸುರಿಸುತ್ತಿತ್ತು. ಮೇಜಿನ ಮೇಲೆ ಬಿದ್ದ ಆ ಹನಿಗಳನ್ನು ಬೆಹಿಯಾ ಬಟ್ಟೆಯಿಂದ ಒರೆಸಿ ತೆಗೆಯಬೇಕಾಗುತ್ತಿತ್ತು. ಅವಳಿಗೆ ಬೇಕಿದ್ದದ್ದು ಅಂಥ ನಾಲ್ಕು ಹನಿ. ಅದರಿಂದ ಗೋರಿಗೆ ಒಂದು ಬಿಳಿಗಲ್ಲು, ಕಲ್ಲಿನ ಮೇಲೆ ರಮೀಜನ ಹೆಸರು. ಅದರ ಮುಂದೆ ಒಮ್ಮೆ ಪ್ರಾರ್ಥನೆಗೆ ಅಂಗೈ ಬಿಚ್ಚಿ ನಿಂತು, ಆಮೇಲೆ ಝೆನಿತ್ಸಾದ ಬಸ್ಸು ಹತ್ತುವುದು.

ಬಟ್ಟೆ ಹಿಂಡಿದ ಮೇಲೆ ಬೆಹಿಯಾ ಏನನ್ನಾದರೂ ಒಡೆಯುತ್ತಿದ್ದಳು. ಆ ಮನೆಯಲ್ಲಿ ಜೋಡಿಯಿರುವ ಪಾತ್ರೆ ಒಂದೂ ಉಳಿದಿರಲಿಲ್ಲ. ಒಡೆದ ಮೇಲೆ ಅರ್ಧ ಗಂಟೆ ಮೆಟ್ಟಿಲ ಮೇಲೆ ಕುಳಿತು ತನ್ನ ಕೈಗಳನ್ನೇ ಬೇರೆ ಯಾರದೋ ಎಂಬಂತೆ ನೋಡಿಕೊಳ್ಳುತ್ತಿದ್ದಳು. ಅದನ್ನು ನೋಡಿದವರಿಗೆ ನಗು ಬರುತ್ತಿರಲಿಲ್ಲ.

ಮಂಗಳವಾರಗಳಲ್ಲಿ ದವಾಖಾನೆಯ ಮೇಲಿನ ಕೋಣೆಯಲ್ಲಿ ಸರಾಯೆವೊದಿಂದ ಬರುವ ಡಾಕ್ಟರಮ್ಮ ಹೆಂಗಸರನ್ನು ದುಂಡಗೆ ಕೂರಿಸಿಕೊಂಡು ಮಾತಾಡಿಸುತ್ತಿದ್ದರು. ಬೆಹಿಯಾಳೂ ಹೋಗುತ್ತಿದ್ದಳು.

"ನಿಮಗೆ ಯಾವುದಕ್ಕೆ ಭಯ ಆಗುತ್ತೆ?"

"ಭಯ ಇಲ್ಲ ಡಾಕ್ಟ್ರೇ. ಸಿಟ್ಟು."

"ಸಿಟ್ಟಿನ ಒಳಗೆ ಭಯ ಅಡಗಿರುತ್ತೆ ಬೆಹಿಯಾ."

"ನಾನು ಬಿಡಿಸಿ ನೋಡಿದೀನಿ. ಸಿಟ್ಟಿನ ಒಳಗೆ ಇನ್ನೂ ಸಿಟ್ಟಿದೆ. ಅದರೊಳಗೆ ಇನ್ನೂ ಒಂದು ಇದೆ. ಈರುಳ್ಳಿ ಥರ."

ಡಾಕ್ಟರಮ್ಮ ಏನೋ ಬರೆದುಕೊಂಡು, ನಿದ್ದೆ ಬರುವ ಮಾತ್ರೆ ಕೊಟ್ಟು ಕಳಿಸಿದರು.

ಮಹಲ್ಲೆಯ ತೀರ್ಪೂ ಅದೇ ಆಗಿತ್ತು: ದಿಗಿಲು ಬಿದ್ದಿದೆ. ನಮ್ಮಲ್ಲಿ ಹೆಂಗಸು ಅತ್ತರೆ ದಿಗಿಲು, ನಗದಿದ್ದರೆ ದಿಗಿಲು, ತಟ್ಟೆ ಎಸೆದರೂ ದಿಗಿಲು. ದಿಗಿಲು ಬಿದ್ದವಳ ಮನೆಗೆ ಜನ ಸೂಪು ತರುತ್ತಾರೆ. ಸಿಟ್ಟುಗೊಂಡವಳ ಮನೆಗೆ ಏನು ಒಯ್ಯಬೇಕೆಂದು ಯಾರಿಗೂ ಗೊತ್ತಿಲ್ಲ.

ದಿಗಿಲಿಗೆ ನಮ್ಮಲ್ಲಿ ಪೆಂಬಾ ಅಜ್ಜಿ ಇದ್ದಾಳೆ. ಅವಳ ವಯಸ್ಸು ಒಂದು ನೂರ ನಲವತ್ತು. ಇಲ್ಲವೆನ್ನುವವರು ಅವಳ ಮುಂದೆ ಹೋಗಿ ಹೇಳಲಿ. ಸೀಸ ಕರಗಿಸುವುದರಲ್ಲಿ ಅವಳನ್ನು ಮೀರಿಸಿದವರು ಇಸ್ತಾಂಬುಲಿನಿಂದ ವಿಯೆನ್ನಾದವರೆಗೂ ಇಲ್ಲ. ದಿಗಿಲು ಬಿದ್ದವರನ್ನು ಕೂರಿಸಿ, ತಲೆಗೆ ಬಟ್ಟೆ ಹೊದಿಸಿ, ಮೇಲೆ ನೀರಿನ ಬೋಗುಣಿ ಹಿಡಿದು, ಕರಗಿದ ಸೀಸವನ್ನು ಅದರೊಳಕ್ಕೆ ಸುರಿಯುತ್ತಾಳೆ. ಸುಂಯ್ ಎಂದು ಗಟ್ಟಿಯಾದ ಸೀಸ ಮುಳ್ಳುಮುಳ್ಳಾಗಿ ಬಂದರೆ ಒಳಗೆ ದಿಗಿಲಿದೆ ಎಂದರ್ಥ. ಮುಳ್ಳು ಹೋಗಿ ನುಣ್ಣಗಾಗುವವರೆಗೆ ಮತ್ತೆ ಮತ್ತೆ ಸುರಿಯಬೇಕು. ಯುದ್ಧಕ್ಕೆ ಮೊದಲು ಸೀಸಕ್ಕೆ ಪರದಾಡುತ್ತಿದ್ದಳಂತೆ. ಈಗ ಆ ಚಿಂತೆಯಿಲ್ಲ. ನಮ್ಮ ಗೋಡೆಗಳಿಂದ ಚೂರಿಯಲ್ಲಿ ಮೀಟಿ ತೆಗೆದ ಗುಂಡುಗಳು ಅವಳ ಜಾಡಿಗಳಲ್ಲಿವೆ, ಇನ್ನೂರು ವರ್ಷಕ್ಕೆ ಸಾಕಾಗುವಷ್ಟು.

"ನನಗೆ ಸುರಿಯೋದು ಬೇಡ," ಎಂದಿದ್ದಳು ಬೆಹಿಯಾ. "ಗುಡ್ಡದ ಮೇಲಿದ್ದವರು ನಮ್ಮ ಮೇಲೆ ಒಂದ್ಸಲ ಸುರಿದಿದ್ದಾರೆ. ಅದೇ ಸೀಸ. ಸಾಕು."

ನಮ್ಮ ಪದ್ಧತಿ ಅಷ್ಟಕ್ಕೆಲ್ಲ ನಿಲ್ಲುವುದಿಲ್ಲ. ಮನುಷ್ಯ ಬಾರದಿದ್ದರೆ ಮೈಮೇಲೆ ಹಾಕಿಕೊಂಡ, ಒಗೆಯದ ಬಟ್ಟೆಯೊಂದು ಸಾಕು. ಅಕ್ಟೋಬರಿನ ಒಂದು ಮಂಗಳವಾರ ಸೊಸೆ ದವಾಖಾನೆಗೆ ಹೋದ ಹೊತ್ತು ನೋಡಿ ಹಾಯ್ರಿಯಾ ಬಾಗಿಲ ಹಿಂದಿನ ಮೊಳೆಯಿಂದ ಒಂದು ಸ್ವೆಟರನ್ನು ತೆಗೆದು ಕಂಕುಳಲ್ಲಿ ಅಡಗಿಸಿಕೊಂಡು ಪೆಂಬಾ ಅಜ್ಜಿಯ ಮನೆಗೆ ಹೋದಳು. ಜೊತೆಗೆ ಪಕ್ಕದ ಮನೆಯ ಶೆವಾಲಾ, ಯಾರೂ ಕರೆಯದಿದ್ದರೂ.

ಬೆಹಿಯಾ ಮರಳಿ ಬರುವ ಹೊತ್ತಿಗೆ ಇಡೀ ಮಹಲ್ಲೆ ಹಬ್ಬದ ಮುಖ ಮಾಡಿಕೊಂಡಿತ್ತು. ಶೆವಾಲಾ ಬೇಲಿಯ ಮೇಲಿಂದ ಅರ್ಧ ಮೈ ಈಚೆ ಹಾಕಿದ್ದಳು.

"ವಾಸಿಯಾಯ್ತು ಕಣೇ ನಿಂಗೆ! ಮುಬಾರಕ್!"

"ಏನು ವಾಸಿಯಾಯ್ತು ಶೆವಾಲಕ್ಕ?"

"ದಿಗಿಲು! ಮೂರು ಸಲ ಸುರಿದ್ರು. ಮೂರು ಸಲಾನೂ ಒಂದು ಮುಳ್ಳಿಲ್ಲ, ಒಂದು ಗೀರಿಲ್ಲ. ಮೊಟ್ಟೆ ಸಿಪ್ಪೆ ಥರ! ಪೆಂಬಾ ಅಜ್ಜಿ ಸೀಸನ ತಿರುಗಿಸಿ ತಿರುಗಿಸಿ ನೋಡಿದ್ಳು. ನನ್ನ ಜನ್ಮದಲ್ಲೇ ಹೀಗೆ ಮೊದಲ ಸಲಕ್ಕೇ ನುಣ್ಣಗೆ ಬಿದ್ದದ್ದಿಲ್ಲ ಅಂದ್ಳು. ನಿನ್ನ ಒಳಗೆ ಏನೂ ಇಲ್ಲ ಕಣೇ, ಏನೇನೂ ಇಲ್ಲ!"

"ನನ್ನನ್ನ ಕೇಳದೆ..." ಎಂದು ಬೆಹಿಯಾ ಬಾಯಿ ತೆರೆದಳು. ಕೋಪ ಪಾದದಿಂದ ಹೊರಟು ಮೊಣಕಾಲಿಗೆ ಬಂದಿತ್ತು. ಅಷ್ಟರಲ್ಲಿ ಎದುರು ಕಿಟಕಿಗಳಲ್ಲಿ ಏಳೆಂಟು ಮುಖಗಳು ಕಂಡವು. ವಾಸಿಯಾದ ಹೆಂಗಸು ಈಗೇನು ಮಾಡುತ್ತಾಳೆ ನೋಡೋಣ ಎಂದು ಕಾಯುತ್ತಿದ್ದ ಮುಖಗಳು.

ಬೆಹಿಯಾ ಬಾಯಿ ಮುಚ್ಚಿದಳು.

ಆ ವಾರ ಅವಳು ಪಟ್ಟ ಪಾಡು ಬಂದೀಖಾನೆಯಲ್ಲಿದ್ದವರೂ ಪಟ್ಟಿರಲಾರರು. ಮೊದಲಾದರೆ ತಟ್ಟೆ ಎಸೆದರೆ 'ಪಾಪ, ದಿಗಿಲು' ಎನ್ನುತ್ತಿದ್ದರು. ಆ ಒಂದು ಸಂದು ಇತ್ತು. ಈಗ ಅದೂ ಮುಚ್ಚಿತು. ಈಗ ಎಸೆದರೆ, ವಾಸಿಯಾದ ಮೇಲೂ ಎಸೆದಳು, ಅಂದರೆ ಅವಳ ಗುಣವೇ ಹಾಗೆ. ಜನ ಪರೀಕ್ಷೆಗೆಂದೇ ಬಂದರು. ಬುರೆಕ್ ಅಂಗಡಿಯವನು ಬಂದು, ಒಡೆದ ಗಾಜಿನ ಸುದ್ದಿ ಎತ್ತಿ, ಇವಳು ನಕ್ಕದ್ದನ್ನು ಕಂಡು ಹೆದರಿ ಓಡಿದ. ಟಿಕೆಟ್ ಕೊಡುವವನು ಬಂದು ಪ್ಲಮ್ ಜಾಮಿನ ಬಾಟಲಿ ಕೊಟ್ಟು, ತಲೆ ಸವರಿ ಹೋದ, ಹಸುವಿನ ತಲೆ ಸವರುವ ಹಾಗೆ. ಬೆಹಿಯಾ ಹಲ್ಲು ಕಚ್ಚಿ ಕಚ್ಚಿ ಎರಡು ದವಡೆ ಹಲ್ಲುಗಳ ಎತ್ತರ ಸವೆದು ಅರ್ಧಕ್ಕಿಳಿಯಿತು.

ಶುಕ್ರವಾರ ಬಟ್ಟೆ ಹರವುತ್ತಿದ್ದಾಗ ಅವಳಿಗೆ ಹೊಳೆಯಿತು. ಕೇಳಲೇ ಇಲ್ಲವಲ್ಲ.

"ಶೆವಾಲಕ್ಕ, ಅವತ್ತು ನನ್ನ ಯಾವ ಬಟ್ಟೆ ಮೇಲೆ ಸುರಿದ್ರು?"

"ಅದೇ, ಸೌದೆ ಒಡೆಯುವಾಗ ಹಾಕ್ಕೋತೀಯಲ್ಲ, ಹಸಿರು ಸ್ವೆಟರ್. ಮೊಣಕೈ ಹತ್ರ ತೇಪೆ ಇರೋದು."

ಬೆಹಿಯಾಳ ಕೈಯಲ್ಲಿದ್ದ ಒದ್ದೆ ಬಟ್ಟೆ ಹಾಗೇ ಉಳಿಯಿತು. ಆ ಸ್ವೆಟರು ಅವಳದ್ದಲ್ಲ. ರಮೀಜನದು. ಅವನು ಬಿಟ್ಟುಹೋದದ್ದು. ಒಂಬತ್ತು ಚಳಿಗಾಲ ಅವಳು ಸೌದೆ ಒಡೆಯುವಾಗ ಕೋಟಿನ ಮೇಲೆ ಅದನ್ನು ಎಳೆದುಕೊಂಡಿದ್ದಳು. ಒಂದು ಸಲವೂ ಒಗೆದಿರಲಿಲ್ಲ. ಯಾಕೆಂದು ಯಾರಿಗೂ ಹೇಳಿರಲಿಲ್ಲ.

"ಪೆಂಬಾ ಅಜ್ಜಿ ಇನ್ನೇನಂದ್ಳು?"

"ಇಷ್ಟು ನುಣ್ಣಗೆ ಬೀಳೋದು ಇಬ್ಬರಿಗೇ ಅಂದ್ಳು. ಒಂದು ಹಾಲು ಕುಡಿಯೋ ಕೂಸಿಗೆ, ಇಲ್ಲಾಂದ್ರೆ..." ಶೆವಾಲಾ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಳು. ನಮ್ಮ ಮಹಲ್ಲೆಯ ಇತಿಹಾಸದಲ್ಲೇ ಶೆವಾಲಾ ವಾಕ್ಯವೊಂದನ್ನು ನಡುವೆ ನಿಲ್ಲಿಸಿದ್ದು ಅದೊಂದೇ ಸಲ. "ಅಜ್ಜಿನೂ ಅಷ್ಟಕ್ಕೇ ನಿಲ್ಲಿಸಿದ್ಳು. ಆಮೇಲೆ, ನಿನ್ನ ಸೊಸೆ ಕೂಸು ಕಣೇ ಹಾಯ್ರಿಯಾ, ಕೂಸು, ಅಂತ ನಗಾಡಿದ್ಳು."

ಅದನ್ನು ಪೂರ್ತಿ ಮಾಡಲು ಬೆಹಿಯಾಳಿಗೆ ಪೆಂಬಾ ಅಜ್ಜಿ ಬೇಕಿರಲಿಲ್ಲ. ಇನ್ನು ಯಾವ ದಿಗಿಲೂ ಮುಟ್ಟದವರು ಇನ್ನೊಬ್ಬರು ಯಾರು? ಸತ್ತವರು.

ಬೆಹಿಯಾ ಸೀಸ ನಂಬುವವಳಲ್ಲ. ಆದರೆ ಅತ್ತೆ ನಂಬುತ್ತಾಳೆ. ಡಾಕ್ಟರಿಗಿಂತ, ಸರ್ಕಾರಕ್ಕಿಂತ, ತನ್ನ ಕಣ್ಣಿಗಿಂತ ಹೆಚ್ಚು ನಂಬುತ್ತಾಳೆ. ಮುಂದಿನ ಗುರುವಾರ ವ್ಯಾನು ಬರುವುದಿತ್ತು. ಒಂದು ಮಾತು ಸಾಕು: ನೀವು ಒಯ್ದದ್ದು ನಿಮ್ಮ ಮಗನ ಸ್ವೆಟರು, ಸೀಸ ಹೇಳಿದ್ದು ಅವನ ಬಗ್ಗೆ. ಎಪ್ಪತ್ತೊಂದು ವರ್ಷದ ಮುದುಕಿಯ ಎದೆಗೆ ಅದು ಹೇಗೆ ಹೋಗಿ ನೆಡುತ್ತದೆಂದು ಬೆಹಿಯಾಳಿಗೆ ಗೊತ್ತಿತ್ತು. ಆರು ದಿನ ಆ ಮಾತನ್ನು ಬಾಯಲ್ಲಿ ಕೆಂಡದಂತೆ ಇಟ್ಟುಕೊಂಡು ತಿರುಗಿದಳು. ಕಾಫಿ ಕಾಯಿಸಿದಳು, ಸೌದೆ ಒಡೆದಳು, ಅತ್ತೆಯ ಊದಿದ ಕಾಲಿಗೆ ಮುಲಾಮು ತಿಕ್ಕಿದಳು. ಉಗುಳಲೂ ಇಲ್ಲ, ನುಂಗಲೂ ಇಲ್ಲ.

ಗುರುವಾರ ಬಂತು. ವ್ಯಾನು ಮಧ್ಯಾಹ್ನ ಮೂರರವರೆಗೆ ಇರುತ್ತದೆಂದು ದವಾಖಾನೆಯ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಹನ್ನೆರಡಕ್ಕೆ ಅತ್ತೆ ಒಲೆಯ ಪಕ್ಕ ಕೂತು ಬೀನ್ಸ್ ಕಾಳು ಆರಿಸುತ್ತಿದ್ದಳು.

"ಬೆಹಿಯಾ, ಹೇಗೂ ನೀನು ಹುಷಾರಾದೆ," ಎಂದಳು ತಲೆಯೆತ್ತದೆ. "ಚಳಿಗೆ ಮುಂಚೆ ರಮೀಜನ ಕೋಣೆಗೆ ಸುಣ್ಣ ಹೊಡ್ಸೋಣ. ಗೋಡೆ ಎಲ್ಲಾ ತೂತು. ಬಂದವನು ನೋಡಿ ಏನಂದಾನು?"

ಅಷ್ಟೇ. ಆಮೇಲೆ ನಡೆದದ್ದಕ್ಕೆ ಗುಡ್ಡದ ಮೇಲಿನ ಕುರಿಗಳು ಮೇಯುವುದು ಬಿಟ್ಟು ತಲೆಯೆತ್ತಿದವು. ಬೀನ್ಸಿನ ಬುಟ್ಟಿ ಮಾಡಿಗೆ ಬಡಿಯಿತು. ಕಾಳುಗಳು ಆಲಿಕಲ್ಲಿನಂತೆ ಸುರಿದವು. ಬೆಹಿಯಾಳ ಧ್ವನಿಗೆ ಕೋಣೆ ಚಿಕ್ಕದಾಯಿತು.

"ಬರಲ್ಲ! ಅವನು ಬರಲ್ಲ! ನನ್ನ ಸ್ವೆಟರ್ ಅಂತ ಒಯ್ದಿರಲ್ಲ, ಅದು ಅವನದ್ದು! ನಿಮ್ಮ ಮಗನದ್ದು! ಮೂರು ಸಲ ಸುರಿದ್ರಿ, ಮೂರು ಸಲಾನೂ ನುಣ್ಣಗೆ ಬಿತ್ತು. ಕೂಸಿಗೆ, ಇಲ್ಲಾಂದ್ರೆ... ಅಂದು ಪೆಂಬಾ ಅಜ್ಜಿ ನಾಲಿಗೆ ಕಚ್ಕೊಂಡ್ಳಲ್ಲ, ಯಾಕೆ? ಯೋಚಿಸಿ! ಕೂಸಾ ಅವನು? ಹಾಲು ಕುಡಿಯೋ ಕೂಸಾ?"

ಹೇಳಿ ಮುಗಿದ ಕೂಡಲೇ ಅವಳಿಗೆ ತನ್ನ ಬಾಯಿಯನ್ನು ಕಿತ್ತು ಒಲೆಗೆ ಹಾಕಬೇಕೆನ್ನಿಸಿತು. ಮುದುಕಿ ಕುಸಿದು ಬೀಳುತ್ತಾಳೆಂದು ಹಿಡಿಯಲು ಎರಡು ಹೆಜ್ಜೆ ಮುಂದೆ ಬಂದಳು.

ಹಾಯ್ರಿಯಾ ಬೀಳಲಿಲ್ಲ. ಮಡಿಲಲ್ಲಿ ಬಿದ್ದ ಕಾಳುಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಹಾಕಿಕೊಂಡಳು.

"ಅವನದ್ದು ಅಂತ ನನಗೆ ಗೊತ್ತಿಲ್ವೇನೇ?" ಎಂದಳು. "ಅದನ್ನ ಹೆಣೆದವಳು ನಾನು. ತೇಪೆ ಹಾಕಿದವಳೂ ನಾನೇ. ಕತ್ತಲಲ್ಲಿ ಮುಟ್ಟಿ ಹೇಳ್ತೀನಿ ಯಾವ ಹೊಲಿಗೆ ಎಲ್ಲಿ ತಪ್ಪಿದೀನಿ ಅಂತ."

ಬೆಹಿಯಾ ಹಿಡಿಯಲು ಚಾಚಿದ್ದ ಕೈ ಹಿಂದಕ್ಕೆ ತೆಗೆದಳು.

"ಗೊತ್ತಿದ್ದೇ ಒಯ್ದ್ರಾ?"

"ನಿನ್ನ ಹೆಸರು ಹೇಳಿ ಒಯ್ದೆ. ಅವನ ಹೆಸರು ಹೇಳಿ ಕೇಳೋದಕ್ಕೆ ಧೈರ್ಯ ಇರ್ಲಿಲ್ಲ."

"ಮತ್ತೆ ಸುಣ್ಣ? ಈಗ ಸುಣ್ಣ ಹೊಡ್ಸೋಣ ಅಂದ್ರಲ್ಲ?"

"ಅಂದೆ." ಮುದುಕಿ ಕಾಳುಗಳನ್ನು ನೋಡುತ್ತಲೇ ಇದ್ದಳು. "ಸೀಸ ನನಗೊಬ್ಬಳಿಗೆ ಹೇಳ್ತು, ನೀರಿಗೆ ಹೋಯ್ತು. ರಕ್ತ ಕೊಟ್ರೆ ಊರಿಗೆಲ್ಲ ಕಾಗದ ಬರುತ್ತೆ. ಕಾಗದ ಬಂದ್ರೆ ನೀನು ಹೋಗ್ತೀಯ. ಹೋಗಲ್ಲ ಅಂತ ಹೇಳು ನೋಡೋಣ."

ಬೆಹಿಯಾ ಸುಳ್ಳು ಹೇಳಬಹುದಿತ್ತು. ನಮ್ಮ ಮಹಲ್ಲೆಯಲ್ಲಿ ಅದೊಂದು ಪಾಪವೇ ಅಲ್ಲ. ಹೇಳಲಿಲ್ಲ.

"ಹೋಗ್ತೀನಿ."

"ಹೂಂ."

ಗಡಿಯಾರ ಹೊಡೆಯಿತು. ಒಂದು. ಬೆಹಿಯಾ ನೆಲದ ಮೇಲೆ ಕೂತು ಕಾಳು ಗುಡಿಸತೊಡಗಿದಳು. ಅವಳ ಕೈ ನಡುಗುತ್ತಿತ್ತು. ಒಂದು ಕಾಳು ಹಿಡಿದರೆ ಎರಡು ಬೀಳುತ್ತಿದ್ದವು. ಮುದುಕಿ ಅದನ್ನೇ ನೋಡುತ್ತಿದ್ದಳು. ಆ ಕೈಗಳು ನಿಲ್ಲಲಿಲ್ಲ, ಹೊತ್ತು ಕಳೆದರೂ ನಿಲ್ಲಲಿಲ್ಲ.

"ಬಿಡೇ ಅದನ್ನ," ಎಂದಳು ಕಡೆಗೆ. "ನನ್ನ ಕಪ್ಪು ಬೂಟು ತಾ. ಕಾಲು ಊದಿದೆ, ನೀನೇ ತೊಡಿಸ್ಬೇಕು."

ನಮ್ಮ ಓಣಿಯಷ್ಟು ಕಡಿದಾದ ಓಣಿ ಯೂರೋಪಿನಲ್ಲಿಲ್ಲ. ಆಡುಗಳೂ ಗೋಡೆ ಹಿಡಿದು ಇಳಿಯುತ್ತವೆ. ಬೆಹಿಯಾ ಅತ್ತೆಯ ತೋಳು ಹಿಡಿದು ಹಿಮ್ಮುಖವಾಗಿ ಇಳಿದಳು, ಮುದುಕಿ ಅವಳ ಹೆಗಲಿಗೆ ಎರಡೂ ಕೈ ಊರಿಕೊಂಡು. ಹೊಸ್ತಿಲುಗಳಲ್ಲಿ ಕಾಫಿ ಕುಡಿಯುತ್ತಿದ್ದ ಹೆಂಗಸರು ಬಟ್ಟಲು ಕೆಳಗಿಟ್ಟರು. "ಎಲ್ಲಿಗೆ ಹಾಯ್ರಿಯಾ?" ಎಂದು ಒಬ್ಬರೂ ಕೇಳಲಿಲ್ಲ. ಶೆವಾಲಾ ಕೂಡ ಕೇಳಲಿಲ್ಲ, ಅಂದರೆ ನೀವೇ ಊಹಿಸಿ.

ದವಾಖಾನೆಯಲ್ಲಿ ಮೇಜಿನ ಹಿಂದೆ ಕೂತಿದ್ದವಳು ಚಿಕ್ಕ ವಯಸ್ಸಿನ, ಕನ್ನಡಕದ ಹುಡುಗಿ. ಹಾಯ್ರಿಯಾಳ ಬೆರಳು ಒರೆಸಿ, ಚುಚ್ಚಿ, ದಪ್ಪ ಕಾಗದದ ಮೇಲಿನ ನಾಲ್ಕು ದುಂಡುಗಳಿಗೆ ನಾಲ್ಕು ಹನಿ ಒತ್ತಿಸಿದಳು. ಬೆಹಿಯಾ ಕಣ್ಣು ಮಿಟುಕಿಸದೆ ನೋಡಿದಳು. ಒಂಬತ್ತು ವರ್ಷ ಕಾದದ್ದು ಅರ್ಧ ನಿಮಿಷದಲ್ಲಿ ಆಗಿಹೋಯಿತು.

"ಇನ್ನು ಕೆಲವು ವಿಷಯ ಬರ್ಕೋಬೇಕು ಅಮ್ಮ. ಮೂಳೆ ಯಾವತ್ತಾದ್ರೂ ಮುರಿದಿತ್ತಾ?"

"ಎಂಟು ವರ್ಷದಲ್ಲಿ. ಪ್ಲಮ್ ಮರದಿಂದ ಬಿದ್ದು ಬಲಗೈ."

"ಎಡಗೈ ಅತ್ತೆ."

"ನಾನು ಹೆತ್ತವಳು ಕಣೇ."

"ಮಳೆ ಬಂದಾಗ ಎಡಗೈ ನೋಯ್ತಿತ್ತು ಅವನಿಗೆ. ನಾನು ತಿಕ್ಕಿದೀನಿ."

ಮುದುಕಿ ಯೋಚಿಸಿದಳು. ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಮಗುವೊಂದನ್ನು ಎತ್ತಿಕೊಳ್ಳುವ ಹಾಗೆ ಮಾಡಿ ನೋಡಿದಳು. "ಎಡಗೈ," ಎಂದಳು ಸಣ್ಣಗೆ. "ಎಡಗೈ ಅಂತ ಬರಿ ಮಗಳೇ."

ಹಲ್ಲು, ಎತ್ತರ, ಹೊರಟ ದಿನ ತೊಟ್ಟಿದ್ದ ಬೆಲ್ಟಿನ ಬಣ್ಣ. ಹುಡುಗಿ ಎಲ್ಲ ಬರೆದುಕೊಂಡಳು.

"ಯಾವಾಗ ಗೊತ್ತಾಗುತ್ತೆ?" ಎಂದು ಕೇಳಿದಳು ಬೆಹಿಯಾ.

"ಹೇಳೋಕಾಗಲ್ಲ ಅಕ್ಕ. ಆರು ತಿಂಗಳಾಗ್ಬಹುದು, ಆರು ವರ್ಷ ಆಗ್ಬಹುದು. ಮೊದಲು ಮೂಳೆ ಸಿಗ್ಬೇಕಲ್ಲ." ಹುಡುಗಿ ಇನ್ನೊಂದು ಹಾಳೆ ತೆಗೆದಳು. "ಇದು ಕಡೇದು. ನಾವು ಇಂಥ ಸುದ್ದಿಯನ್ನ ಫೋನಲ್ಲಿ ಹೇಳಲ್ಲ, ಅಂಚೆಯಲ್ಲೂ ಕಳ್ಸಲ್ಲ. ನಮ್ಮವರು ಮನೆಗೇ ಬರ್ತಾರೆ, ಹೇಳದೆ ಕೇಳದೆ. ಅಮ್ಮನಿಗೆ ವಯಸ್ಸಾಗಿದೆ, ಆ ಹೊತ್ತಲ್ಲಿ ಜೊತೆಗೆ ಒಬ್ಬರು ಇರ್ಲೇಬೇಕು. ಇಲ್ಲಾಂದ್ರೆ ಹೇಳೋ ಹಾಗಿಲ್ಲ. ಯಾರ ಹೆಸರು ಬರೀಲಿ? ಮನೆಯಲ್ಲೇ ಇರೋರು ಬೇಕು."

ಹಾಯ್ರಿಯಾ ಬೆರಳಿಗೆ ಹತ್ತಿ ಒತ್ತಿಕೊಂಡು ಕಿಟಕಿಯಾಚೆ ನಿಂತ ವ್ಯಾನನ್ನು ನೋಡುತ್ತಿದ್ದಳು.

"ಇವಳದ್ದು ಬರಿ," ಎಂದಳು. "ಇವಳು ಮನೆಯಲ್ಲೇ ಇರ್ತಾಳೆ. ಎಲ್ಲಿಗೆ ಹೋಗ್ತಾಳೆ?"

ಕೋಪ ಪಾದದಿಂದ ಹೊರಟಿತು. ಮೊಣಕಾಲು, ಹೊಟ್ಟೆ, ಎದೆ; ಹಾದಿ ಚೆನ್ನಾಗಿ ಬಲ್ಲ ಕುದುರೆಯಂತೆ ಮೇಲೇರಿ ಬಂತು. ಬೆಹಿಯಾ ಸುತ್ತ ನೋಡಿದಳು. ಎತ್ತಿ ಎಸೆಯಲು ಮಸಿಬಾಟಲಿಯಿತ್ತು, ಸ್ಟೂಲಿತ್ತು, ಗಾಜಿನ ಬೀರುವಿತ್ತು. ಬೇಕೆಂದಿದ್ದರೆ ಇಡೀ ದವಾಖಾನೆಯನ್ನೇ ಎತ್ತಿ ನದಿಗೆ ಹಾಕುವಷ್ಟು ಕಸುವು ಆ ಕ್ಷಣ ಅವಳ ತೋಳುಗಳಲ್ಲಿತ್ತು, ಇದರಲ್ಲಿ ಉತ್ಪ್ರೇಕ್ಷೆಯಿಲ್ಲ. ಆದರೆ ಮೇಜಿನ ಮೇಲೆ ಆ ದಪ್ಪ ಕಾಗದ ಇನ್ನೂ ಒಣಗುತ್ತಿತ್ತು, ನಾಲ್ಕು ಕೆಂಪು ದುಂಡುಗಳೊಂದಿಗೆ.

"ಇಲ್ಲಿ ಸಹಿ ಅಕ್ಕ," ಎಂದಳು ಹುಡುಗಿ.

ಬೆಹಿಯಾ ಪೆನ್ನು ತೆಗೆದುಕೊಂಡಳು. ಹೆಸರಿನ ಮೊದಲ ಅಕ್ಷರಕ್ಕೇ ಪೆನ್ನಿನ ಮೊನೆ ಹಾಳೆ ಸೀಳಿಕೊಂಡು, ಕೆಳಗಿನ ಹಾಳೆಯನ್ನೂ ಸೀಳಿ, ಮೇಜಿನ ಮರದಲ್ಲಿ ನೆಟ್ಟಿತು.

ಹುಡುಗಿ ಬೆಚ್ಚಿದಳು. ಹರಿದ ಹಾಳೆಯನ್ನು ನೋಡಿದಳು, ಬೆಹಿಯಾಳ ಮುಖ ನೋಡಿದಳು. ಏನೂ ಕೇಳದೆ ಡ್ರಾಯರಿನಿಂದ ಹೊಸ ಹಾಳೆ ತೆಗೆದು ಮುಂದಿಟ್ಟಳು.

ಬೆಹಿಯಾ ಪೆನ್ನನ್ನು ಕಿತ್ತು, ಅದರ ಮೇಲೆ ಪೂರ್ತಿ ಸಹಿ ಹಾಕಿದಳು.